‘ಮಿಸ್, ಹೊಟ್ಟೆನೋವು’ ಎಂದ ಮಗುವನ್ನು ಮೊದಲು ನಂಬಿ

ಶಾಲೆಗೆ ಬಂದ ಮೇಲೆಯೇ ಮಕ್ಕಳಿಗೆ ತಲೆಸುತ್ತು, ವಾಕರಿಕೆ, ಹೊಟ್ಟೆನೋವು ಯಾಕೆ? ಕಡೂರು, ತರೀಕೆರೆ, ಅಜ್ಜಂಪುರದ ಊರುಗಳ ದಿನಚರಿಯಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ಉಳಿದರ್ಧವನ್ನು ಮಗುವಿನ ಬಾಯಿಂದಲೇ ಕೇಳಬೇಕು.

ಶನಿವಾರದ ಬೆಳಗಿನ ಶಾಲೆ. ಉಳಿದ ದಿನಗಳಿಗಿಂತ ಎರಡು ತಾಸು ಮೊದಲೇ ಗಂಟೆ ಬಾರಿಸುತ್ತದೆ. ಅಂಗಳದಲ್ಲಿ ಮಕ್ಕಳು ತರಗತಿವಾರು ಸಾಲಾಗಿ ನಿಂತಿರುತ್ತಾರೆ. ನಾಡಗೀತೆ ಮುಗಿದು, ಒಬ್ಬ ಹುಡುಗ ದಿನಪತ್ರಿಕೆಯ ಮುಖ್ಯಾಂಶ ಓದುತ್ತಿರುವಾಗ ಆರನೇ ತರಗತಿಯ ಸಾಲಿನಲ್ಲಿ ಒಬ್ಬಳು ತಟ್ಟನೆ ಕುಸಿದು ಕೂರುತ್ತಾಳೆ. ತುಟಿ ಬಿಳಿಚಿಕೊಂಡಿದೆ, ಹಣೆಯಲ್ಲಿ ತಣ್ಣನೆಯ ಬೆವರು. ಮಿಸ್ ಓಡಿಬಂದು ನೆರಳಿಗೆ ಕರೆದೊಯ್ಯುತ್ತಾರೆ.

‘ಏನಾಯ್ತೇ?’

‘ಕಣ್ಣು ಕತ್ಲೆ ಬಂತು ಮಿಸ್.’

‘ತಿಂಡಿ ತಿಂದ್ಯಾ?’

‘ಇಲ್ಲ ಮಿಸ್, ಟೀ ಕುಡ್ಕೊಂಡು ಬಂದೆ.’

ಇಂಥ ಮಾತುಕತೆ ಈ ಸೀಮೆಯ ಶಿಕ್ಷಕರಿಗೆ ಹೊಸದಲ್ಲ. ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯುತ್ತದೆ. ಮಗುವಿಗೆ ನೀರು ಕುಡಿಸಿ, ಎರಡು ಬಿಸ್ಕತ್ತು ಕೊಟ್ಟು, ಕೊನೆಯ ಬೆಂಚಿನಲ್ಲಿ ತಲೆ ಒರಗಿಸಿ ಕೂರಿಸುತ್ತಾರೆ. ಮುಂದಿನ ವಾರ ಇನ್ನೊಂದು ಮಗು. ಅದರ ಮುಂದಿನ ವಾರ ಅದೇ ಮಗು ಮತ್ತೊಮ್ಮೆ. ಮೂರನೇ ಸಲಕ್ಕೆ ‘ಇವಳದ್ದು ಯಾವಾಗಲೂ ಇದೇ ಗೋಳು’ ಎಂಬ ಮಾತು ಶಿಕ್ಷಕರ ಕೋಣೆಯಲ್ಲಿ ಹುಟ್ಟಿಕೊಳ್ಳುತ್ತದೆ. ನಾಲ್ಕನೇ ಸಲಕ್ಕೆ ‘ನಾಟಕ’ ಎಂಬ ಹೆಸರು ಬೀಳುತ್ತದೆ. ಒಮ್ಮೆ ಆ ಹೆಸರು ಬಿದ್ದರೆ ಮಗುವಿನ ನೋವನ್ನು ಹುಡುಕುವವರೇ ಇಲ್ಲವಾಗುತ್ತಾರೆ.

ಮಕ್ಕಳು ಒಮ್ಮೊಮ್ಮೆ ಸುಳ್ಳು ಹೇಳುವುದುಂಟು. ಆದರೆ ಮತ್ತೆ ಮತ್ತೆ ಬರುವ ಹೊಟ್ಟೆನೋವು, ತಲೆನೋವು, ವಾಕರಿಕೆಗಳ ಹಿಂದೆ ಬಹುಪಾಲು ನಿಜವಾದ ಕಾರಣ ಇದ್ದೇ ಇರುತ್ತದೆ. ಅದು ಹಸಿವಾಗಿರಬಹುದು, ರೋಗವಾಗಿರಬಹುದು, ಭಯವಾಗಿರಬಹುದು. ಮೂರರಲ್ಲೂ ನೋವು ಮಾತ್ರ ನಿಜ. ಮೊದಲು ನಂಬಬೇಕು, ಆಮೇಲೆ ಕೇಳಬೇಕು. ಈ ಕ್ರಮ ತಪ್ಪಿದರೆ ಯಾವ ಔಷಧಿಯೂ ನಾಟುವುದಿಲ್ಲ.

ಈ ಸೀಮೆಯ ಬೆಳಗು

1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹೆಸರು ಕೊಟ್ಟ ಕಡೂರು ಮಾತ್ರ ಜಿಲ್ಲೆಯ ಒಣ ಮಗ್ಗುಲು. ಪಶ್ಚಿಮದ ಬೆಟ್ಟಗಳು ಮಳೆಯನ್ನು ಅಲ್ಲೇ ಹಿಡಿದಿಟ್ಟುಕೊಂಡು ಯಗಟಿ, ಸಿಂಗಟಗೆರೆ, ಪಂಚನಹಳ್ಳಿ ಕಡೆಗೆ ಬರೀ ಗಾಳಿಯನ್ನು ಕಳಿಸುತ್ತವೆ. ರಾಗಿ ಮತ್ತು ತೆಂಗು ಅಲ್ಲಿಯ ಬದುಕು. ತರೀಕೆರೆ ಅರೆಮಲೆನಾಡು. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ, ಲಿಂಗದಹಳ್ಳಿಯಾಚೆ ಕೆಮ್ಮಣ್ಣುಗುಂಡಿಯ ಏರುದಾರಿ, ನಡುವೆ ಅಡಿಕೆ ತೋಟಗಳು, ತಾಂಡಾಗಳು. 2017-18ರ ಬಜೆಟ್‌ನಲ್ಲಿ ತಾಲ್ಲೂಕೆಂದು ಘೋಷಣೆಯಾದ ಅಜ್ಜಂಪುರ, ಅದಕ್ಕೂ ಮೊದಲು ತರೀಕೆರೆಯ ಹೋಬಳಿ. ಅಮೃತಮಹಲ್ ತಳಿ ಕೇಂದ್ರದ ಊರು, ಈರುಳ್ಳಿ ಬೆಳೆಯುವ ಊರು.

ಈ ಮೂರು ಕಡೆಯೂ ಹೊಲಮನೆ ಕೆಲಸದವರ ಬೆಳಗು ಬೇಗ ಶುರುವಾಗುತ್ತದೆ. ಈರುಳ್ಳಿ ಕೀಳುವ ಕಾಲದಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ ತಾಯಂದಿರು ಮಕ್ಕಳು ಏಳುವ ಮೊದಲೇ ಮನೆ ಬಿಡುತ್ತಾರೆ. ಚಳಿಗಾಲದಲ್ಲಿ ಕಾಫಿ ಹಣ್ಣು ಕೊಯ್ಯಲು ತಂದೆ ತಾಯಿ ಇಬ್ಬರೂ ಎಸ್ಟೇಟಿಗೆ ಹೋದರೆ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಹೈಸ್ಕೂಲು ಓದುವವರು ಏಳೂವರೆ, ಎಂಟರ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಆ ಹೊತ್ತಿಗೆ ಇನ್ನೊಂದಿಲ್ಲ. ಮುದ್ದೆ ಬೇಯುವುದು ಹತ್ತು ಗಂಟೆಗೆ, ಬಸ್ಸು ಬರುವುದು ಎಂಟಕ್ಕೆ. ಎಷ್ಟೋ ಮಕ್ಕಳ ತಲೆಸುತ್ತು ಈ ಎರಡು ಗಂಟೆಯ ಅಂತರದಲ್ಲೇ ಹುಟ್ಟುತ್ತದೆ.

ರಾತ್ರಿ ಎಂಟಕ್ಕೆ ಉಂಡು ಮಲಗಿದ ಮಗು ಮಾರನೆಯ ದಿನ ಮಧ್ಯಾಹ್ನದ ಬಿಸಿಯೂಟದವರೆಗೆ ಏನೂ ತಿನ್ನದಿದ್ದರೆ ನಡುವೆ 16 ತಾಸಿನ ಉಪವಾಸ. ದೊಡ್ಡವರ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಷ್ಟು ಹೊತ್ತು ಹೇಗೋ ಸಾಗಿಸುತ್ತದೆ. ಮಕ್ಕಳ ಸಂಗ್ರಹ ಚಿಕ್ಕದು. ದೇಹದ ತೂಕಕ್ಕೆ ಹೋಲಿಸಿದರೆ ಅವರ ಮಿದುಳು ಬಳಸುವ ಸಕ್ಕರೆ ಹೆಚ್ಚು. ರಕ್ತದಲ್ಲಿ ಸಕ್ಕರೆ ಇಳಿದಂತೆ ಕೈ ನಡುಗುತ್ತದೆ, ಬೆವರುತ್ತದೆ, ವಾಕರಿಕೆ ಬರುತ್ತದೆ, ಕರಿಹಲಗೆಯ ಅಕ್ಷರ ಮಸುಕಾಗುತ್ತದೆ. ಬಿಸಿಲಲ್ಲಿ ಅಲುಗಾಡದೆ ನಿಂತಾಗ ರಕ್ತ ಕಾಲಿಗೆ ಇಳಿದು, ಮಿದುಳಿಗೆ ಕ್ಷಣಕಾಲ ಕಡಿಮೆಯಾಗಿ, ಮಗು ಕುಸಿಯುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2002-03ರಲ್ಲಿ ಅಕ್ಷರ ದಾಸೋಹ ಶುರುವಾಗಿ ಮಧ್ಯಾಹ್ನದ ಹಸಿವನ್ನು ತಣಿಸಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದು 150 ಮಿಲಿಲೀಟರ್ ಹಾಲು ಕೊಟ್ಟಿತು. ಆಮೇಲೆ ಮೊಟ್ಟೆ, ಬಾಳೆಹಣ್ಣು ಸೇರಿದವು. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು. ಬೆಳಿಗ್ಗೆ ಟೀ ಮಾತ್ರ ಕುಡಿದು ಬಂದ ಮಗುವಿನ ಪಾಲಿಗೆ ರಾಗಿ ಮಾಲ್ಟೇ ಮೊದಲ ಆಹಾರ. ಹಾಗಾಗಿ ಅದು ಬೇಗ ಸಿಕ್ಕಷ್ಟೂ ಒಳ್ಳೆಯದು. ಕೆಲವು ಮಕ್ಕಳಿಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುತ್ತದೆ, ನುಲಿಯುತ್ತದೆ. ಅಂಥ ಮಗುವಿಗೆ ಒತ್ತಾಯ ಮಾಡಿ ಲೋಟ ಖಾಲಿ ಮಾಡಿಸಬಾರದು. ಸ್ವಲ್ಪ ಕೊಟ್ಟು ನೋಡಬೇಕು, ಆಗದಿದ್ದರೆ ಬಿಡಬೇಕು.

ನೀರು, ಶೌಚಾಲಯ, ರಕ್ತ, ಕಣ್ಣು

ಹಸಿವಿನ ನಂತರದ ಕಾರಣ ನೀರು. ಹೆಣ್ಣುಮಕ್ಕಳನ್ನು ಸಲಿಗೆಯಿಂದ ಕೇಳಿ ನೋಡಿ: ಶಾಲೆಯಲ್ಲಿ ನೀರು ಯಾಕೆ ಕುಡಿಯಲ್ಲ? ‘ಕುಡಿದರೆ ಹೋಗಬೇಕಾಗುತ್ತೆ’ ಎನ್ನುತ್ತಾರೆ. ಬಾಗಿಲಿಗೆ ಚಿಲಕವಿಲ್ಲದ, ಬಕೆಟ್ಟಿನಲ್ಲಿ ನೀರಿಲ್ಲದ ಶೌಚಾಲಯಕ್ಕೆ ಹೋಗುವುದಕ್ಕಿಂತ ಬಾಯಾರಿಕೊಂಡೇ ಸಂಜೆವರೆಗೆ ಇರುವುದು ಅವರಿಗೆ ವಾಸಿ. ಇದರ ಫಲ ಮೂರು ಬಗೆ. ನೀರಿಲ್ಲದ ದೇಹಕ್ಕೆ ತಲೆನೋವು ಬರುತ್ತದೆ. ಮೂತ್ರ ತಡೆದುಕೊಂಡರೆ ಸೋಂಕಾಗಿ ಕಿಬ್ಬೊಟ್ಟೆ ಉರಿಯುತ್ತದೆ. ಮಲ ತಡೆದುಕೊಂಡರೆ ಅದು ಗಟ್ಟಿಯಾಗಿ ಹೊಟ್ಟೆ ನುಲಿಯುತ್ತದೆ. ಮಕ್ಕಳ ಹೊಟ್ಟೆನೋವಿನ ತೀರಾ ಸಾಮಾನ್ಯ ಕಾರಣಗಳಲ್ಲಿ ಮಲಬದ್ಧತೆ ಒಂದು. ಮನೆಯಲ್ಲಿ ಯಾರೂ ಕೇಳದ ಕಾರಣವೂ ಅದೇ. ಕೇರಳ 2019ರಲ್ಲಿ ಶುರುಮಾಡಿದ ‘ವಾಟರ್ ಬೆಲ್’, ಅಂದರೆ ನೀರು ಕುಡಿಯಲೆಂದೇ ಬಾರಿಸುವ ಗಂಟೆ, ಅದೇ ವರ್ಷ ಕರ್ನಾಟಕದಲ್ಲೂ ಚಾಲ್ತಿಗೆ ಬಂತು. ಆದರೆ ಚಿಲಕವಿಲ್ಲದ ಶಾಲೆಯಲ್ಲಿ ಆ ಗಂಟೆ ಎಷ್ಟು ಬಾರಿಸಿದರೂ ಹುಡುಗಿಯರು ಬಾಟಲಿ ಎತ್ತುವುದಿಲ್ಲ. ಒಂದು ಚಿಲಕದ ಬೆಲೆ ಎಷ್ಟೆಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರಿಗೆಲ್ಲ ಗೊತ್ತು.

ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಬಯಲುಸೀಮೆಯಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಂತೆ ಫ್ಲೋರೈಡ್ ಸೇರುವ ಸಾಧ್ಯತೆ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲವೆಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲಿನ ಮೇಲೆ ಕಂದು ಗೆರೆ ಮೂಡುವುದು ಎಲ್ಲರ ಕಣ್ಣಿಗೆ ಬೀಳುವ ಗುರುತು. ಹೆಚ್ಚು ಫ್ಲೋರೈಡ್ ಹೊಟ್ಟೆಯ ಒಳಪದರವನ್ನೂ ಕೆರಳಿಸುತ್ತದೆ ಎಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಶಾಲೆಯ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಕಳಿಸಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳುವುದು ಪಾಲಕರ ಹಕ್ಕು.

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ 65.5% ರಕ್ತಹೀನರು. ಅಂದು ಅಂಗನವಾಡಿಯಲ್ಲಿದ್ದ ಆ ಮಕ್ಕಳು ಇಂದು ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕೂತಿದ್ದಾರೆ. ಬೇಗ ಸುಸ್ತಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಮೇಲೆ ತಲೆನೋವು, ಮಣ್ಣು ಬಳಪ ತಿನ್ನುವ ಚಪಲ ಇದರ ಲಕ್ಷಣಗಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಇದಕ್ಕೇ ಇರುವುದು. ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ. ಅದನ್ನು ಊಟವಾದ ಮೇಲೆಯೇ ನುಂಗಿಸಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಮಾತ್ರೆಗೆ ಕೆಟ್ಟ ಹೆಸರು ಬರುತ್ತದೆ, ಮುಂದಿನ ವಾರ ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ವರ್ಷಕ್ಕೆರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯೂ ಅಷ್ಟೇ ಮುಖ್ಯ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿದ್ದರೆ ಎಷ್ಟು ಸೊಪ್ಪು ತಿನ್ನಿಸಿದರೂ ಮಗುವಿನ ಮೈಗೆ ಹತ್ತುವುದಿಲ್ಲ. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದ ಮಕ್ಕಳಿಗೆ ಮಾತ್ರೆ ನುಂಗಿದ ದಿನ ಸ್ವಲ್ಪ ಹೊಟ್ಟೆನೋವು ಬಂದೀತು. ಅದು ತಾನಾಗಿ ಇಳಿಯುತ್ತದೆ.

ಕೊನೆಯ ಪೀರಿಯಡ್ಡಿಗೆ ತಪ್ಪದೆ ತಲೆನೋಯುವ ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಕರಿಹಲಗೆ ಓದಿಸಿ ನೋಡಿ. ಕಣ್ಣು ಕಿರಿದು ಮಾಡಿದರೆ, ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರೆ, ಆ ನೋವಿನ ಮದ್ದು ಕನ್ನಡಕ. ಬಸ್ಸಿಳಿದು ಬಂದ ಮೇಲೆ ಮೊದಲ ಪೀರಿಯಡ್ಡಿನಲ್ಲಿ ವಾಂತಿಯಾಗುವ ಮಗುವಿಗೆ ಬೇಕಾದದ್ದು ಮುಂದಿನ ಸೀಟು. ಓಡುವ ಬಸ್ಸಿನಲ್ಲಿ ಒಳಕಿವಿ ‘ಚಲಿಸುತ್ತಿದ್ದೇವೆ’ ಎಂದು ಮಿದುಳಿಗೆ ತಿಳಿಸುತ್ತದೆ; ಪುಸ್ತಕ ಅಥವಾ ಮುಂದಿನವರ ಬೆನ್ನು ನೋಡುವ ಕಣ್ಣು ‘ಇಲ್ಲ, ಕೂತಿದ್ದೇವೆ’ ಎನ್ನುತ್ತದೆ. ಈ ಗೊಂದಲವೇ ವಾಕರಿಕೆ. ಎರಡರಿಂದ ಹನ್ನೆರಡು ವರ್ಷದೊಳಗಿನವರಿಗೆ ಇದು ಹೆಚ್ಚು. ಮುಂದೆ ಕೂತು, ಕಿಟಕಿಯಿಂದ ದೂರದ ಬೆಟ್ಟ ನೋಡುತ್ತ ಬಂದರೆ ಅರ್ಧ ಕಡಿಮೆಯಾಗುತ್ತದೆ. ವಾಂತಿಯಾಗುತ್ತದೆಂದು ಪೂರ್ತಿ ಹಸಿದು ಬರಬಾರದು. ಅರ್ಧ ರೊಟ್ಟಿ, ಒಂದು ಬಾಳೆಹಣ್ಣಿನಷ್ಟು ಹಗುರವಾದದ್ದು ಹೊಟ್ಟೆಯಲ್ಲಿರಬೇಕು.

ಆರು, ಏಳನೇ ತರಗತಿಯ ಹುಡುಗಿಯರ ಹೊಟ್ಟೆನೋವಿಗೆ ಮುಟ್ಟು ಕಾರಣವಾಗಿರಬಹುದೆಂದು ಎಷ್ಟೋ ಮೇಷ್ಟ್ರುಗಳಿಗೆ ಹೊಳೆಯುವುದೇ ಇಲ್ಲ. ಹೊಳೆದರೂ ಕೇಳಲು ಸಂಕೋಚ. ಗರ್ಭಕೋಶ ಹಿಂಡಿಕೊಳ್ಳುವಾಗ ಬರುವ ಆ ನೋವಿನ ಜೊತೆ ವಾಂತಿ, ಭೇದಿ, ತಲೆಸುತ್ತು ಎಲ್ಲವೂ ಬರಬಹುದು. ಶುಚಿ ಯೋಜನೆಯ ಪ್ಯಾಡು ಶಾಲೆಯಲ್ಲಿ ಕೈಗೆ ಸಿಗುವಂತಿರಬೇಕು. ಬಿಸಿನೀರಿನ ಬಾಟಲಿ ಹೊಟ್ಟೆಗೆ ಇಟ್ಟುಕೊಳ್ಳಲು ಒಂದು ಮೂಲೆ, ‘ನನ್ನ ಹತ್ರ ಹೇಳು’ ಎನ್ನುವ ಒಬ್ಬ ಶಿಕ್ಷಕಿ ಇರಬೇಕು. ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಭಯ ಹೊಟ್ಟೆಗೆ ಇಳಿದಾಗ

ಹೊಟ್ಟೆ ತುಂಬಿದೆ, ನೀರು ಕುಡಿದಿದೆ, ರಕ್ತ ಸರಿಯಿದೆ, ಸ್ಕ್ಯಾನಿಂಗ್‌ನಲ್ಲೂ ಏನಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ‘ಅಮ್ಮಾ, ಹೊಟ್ಟೆ ನೋಯ್ತೈತೆ’ ಎನ್ನುತ್ತದೆ ಮಗು. ಇವತ್ತೊಂದು ದಿನ ಮಲಗಿರಲಿ ಎಂದು ಬಿಟ್ಟರೆ ಹನ್ನೊಂದು ಗಂಟೆಗೆ ಗೋಲಿ ಆಡುತ್ತಿರುತ್ತದೆ. ಭಾನುವಾರ ಸಂಜೆ ಮತ್ತೆ ಮುಖ ಬಾಡುತ್ತದೆ. ದಸರಾ ರಜೆಯ ಅಷ್ಟೂ ದಿನ ಒಮ್ಮೆಯೂ ನೋವಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆಪ್ಲೆ ಇದನ್ನು ಮೊದಲು ಲೆಕ್ಕಹಾಕಿ ನೋಡಿದವರಲ್ಲಿ ಒಬ್ಬರು. ಸಹೋದ್ಯೋಗಿ ನೇಯ್ಶ್ ಜೊತೆ ಸೇರಿ ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ವರದಿ ಪ್ರಕಟಿಸಿದರು. ಹತ್ತರಲ್ಲೊಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವಿತ್ತು. ಅಂಥವರಲ್ಲೂ ದೇಹದ ರೋಗ ಪತ್ತೆಯಾದದ್ದು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಮಕ್ಕಳಲ್ಲಿ. ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ರೋಗದ ಸಾಧ್ಯತೆ ಹೆಚ್ಚು ಎಂಬ ಅವರ ಮಾತನ್ನು ಮಕ್ಕಳ ವೈದ್ಯರು ಇಂದಿಗೂ ನೆನೆಯುತ್ತಾರೆ. ಎಲ್ಲಿ ನೋವು ಎಂದರೆ ಅಂಗೈಯನ್ನು ಹೊಕ್ಕುಳ ಮೇಲೆ ಇಟ್ಟು ತೋರಿಸುವ ಮಗುವಿಗೆ ಹೆದರಿಕೆಯಿಂದಲೋ ಮಲಬದ್ಧತೆಯಿಂದಲೋ ನೋವಿರುವ ಸಂಭವ ಹೆಚ್ಚು. ಒಂದೇ ಬೆರಳಲ್ಲಿ ಬಲಗಡೆಯ ಕಿಬ್ಬೊಟ್ಟೆ ತೋರಿಸಿದರೆ ಅವತ್ತೇ ಆಸ್ಪತ್ರೆಗೆ ಹೊರಡಬೇಕು.

ರೋಗವಿಲ್ಲ ಎಂದ ಮಾತ್ರಕ್ಕೆ ನೋವಿಲ್ಲ ಎಂದಾಗುವುದಿಲ್ಲ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ಹೆದರಿದಾಗ ಅಡ್ರಿನಲಿನ್ ಉಕ್ಕುತ್ತದೆ. ರಕ್ತ ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಚುರುಕಾಗುತ್ತದೆ. ಅದರಿಂದಲೇ ವಾಕರಿಕೆ, ನುಲಿತ, ಪದೇ ಪದೇ ಹೊರಗೆ ಹೋಗುವ ಅವಸರ. ದಿನವೂ ಹೆದರುವ ಮಗುವಿನ ಕರುಳಿನ ನರಗಳು ಸೂಕ್ಷ್ಮವಾಗಿ, ಸಾಮಾನ್ಯ ಗಾಳಿಯ ಚಲನೆಯೂ ನೋವಾಗಿ ಕೇಳಿಸತೊಡಗುತ್ತದೆ. ಎಂಟು ವರ್ಷದ ಹುಡುಗನಿಗೆ ‘ನನಗೆ ಆತಂಕ’ ಎನ್ನಲು ಬರುವುದಿಲ್ಲ. ಹೊಟ್ಟೆನೋವು ಎನ್ನುತ್ತಾನೆ. ಅವನಿಗೆ ಆಗುತ್ತಿರುವುದೂ ಅದೇ.

ಭಯ ಯಾವುದರದ್ದು ಎಂಬುದನ್ನು ಹುಡುಕಬೇಕು. ಈ ಸೀಮೆಯಲ್ಲಿ ಕೆಲವು ತಿರುವುಗಳು ಎದ್ದು ಕಾಣುತ್ತವೆ. ಒಂದನೇ ತರಗತಿಗೆ ಸೇರುವ ಜೂನ್ ತಿಂಗಳು. ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಎಂಟನೆಯದಕ್ಕೆ ಕಡೂರಿಗೋ ಬೀರೂರಿಗೋ ತರೀಕೆರೆಗೋ ಹೋಗುವಾಗ ಎದುರಾಗುವ ಹೊಸ ಮುಖಗಳು, ಹೊಸ ಬಸ್ಸು. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡ ಅರ್ಥವಾಗದೆ ಕೂರುವ ಚಿಕ್ಕ ಮಗು. ಕನ್ನಡದಲ್ಲಿ ಚೆನ್ನಾಗಿ ಓದುತ್ತಿದ್ದವನನ್ನು ನಡುವೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ ಮಂಕಾಗುವ ಹುಡುಗ. ತಂದೆ ತಾಯಿ ಕಾಫಿ ತೋಟಕ್ಕೆ ಹೋದ ಮೇಲೆ ಹೊಟ್ಟೆನೋವು ಶುರುವಾದ ಹುಡುಗಿ. ಹಿಂದಿನ ಬೆಂಚಿನ ದೊಡ್ಡ ಹುಡುಗನ ಕಾಟ, ಅಡ್ಡ ಹೆಸರು, ಜಾತಿಯ ಚುಚ್ಚುಮಾತು. ಮನೆಯಲ್ಲಿ ರಾತ್ರಿಯೆಲ್ಲ ನಡೆದ ಕುಡಿತದ ಜಗಳ. ‘ನಾನು ಶಾಲೆಗೆ ಹೋದರೆ ಅಮ್ಮನಿಗೆ ಏನಾಗುತ್ತದೋ’ ಎಂಬ ದಿಗಿಲು. ಓದಲು ಬಾರದ ಮಗುವಿಗೆ ಎದ್ದುನಿಂತು ಓದು ಎಂಬ ಆಜ್ಞೆ. ಬೆತ್ತ. ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಗಣಿತದ ಪೀರಿಯಡ್ಡಿಗೆ ಮಾತ್ರ ಹೊಟ್ಟೆನೋವು ಬರುವ ತರಗತಿಯಲ್ಲಿ ಆ ಸೆಕ್ಷನ್ನನ್ನು ಯಾರಾದರೂ ಒಮ್ಮೆ ಓದಿ ಹೇಳಬೇಕಾಗುತ್ತದೆ.

ಇಲ್ಲಿ ಹೆತ್ತವರು ಎರಡು ಬಗೆಯಲ್ಲಿ ಎಡವುತ್ತಾರೆ. ಒಬ್ಬರು ಬೈದು, ಬಡಿದು, ಎಳೆದೊಯ್ದು ಶಾಲೆಯಲ್ಲಿ ಬಿಡುತ್ತಾರೆ. ಭಯದ ಮೇಲೆ ಅವಮಾನ ಸೇರುತ್ತದೆ. ಇನ್ನೊಬ್ಬರು ಕರುಳು ಚುರುಕ್ ಎಂದು ದಿನಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಉಳಿದ ಕೂಡಲೇ ನೋವು ಇಳಿಯುವುದರಿಂದ, ಶಾಲೆ ಎಂದರೆ ನೋವು, ಮನೆ ಎಂದರೆ ಮದ್ದು ಎಂದು ದೇಹ ಕಲಿತುಬಿಡುತ್ತದೆ. ಒಂದು ದಿನದ ರಜೆ ವಾರವಾಗುತ್ತದೆ, ತಪ್ಪಿಹೋದ ಪಾಠ ಇನ್ನಷ್ಟು ಹೆದರಿಸುತ್ತದೆ. ನಡುದಾರಿ ಒಂದೇ: ನೋವನ್ನು ಒಪ್ಪಿಕೊಳ್ಳಬೇಕು, ಶಾಲೆಯನ್ನು ಬಿಡಿಸಬಾರದು. ‘ನೋಯ್ತಿದೆ ಅಂತ ಗೊತ್ತು ಕಣಪ್ಪ. ಡಾಕ್ಟ್ರು ನೋಡಿ ಭಯ ಇಲ್ಲ ಅಂದಿದಾರೆ. ಇವತ್ತು ಹೋಗು, ಜಾಸ್ತಿ ಆದ್ರೆ ಮಿಸ್ ಹತ್ರ ಹತ್ತು ನಿಮಿಷ ಕೂತ್ಕೊ, ಆಮೇಲೆ ಕ್ಲಾಸಿಗೆ ಹೋಗು’ ಎಂದು ಸಮಾಧಾನದಿಂದ ಹೇಳಿ ಕಳಿಸಿದರೆ, ಆ ಮಾತನ್ನು ಶಾಲೆಯೂ ಉಳಿಸಿಕೊಂಡರೆ, ಬಹಳ ಮಕ್ಕಳು ಕೆಲವೇ ವಾರಗಳಲ್ಲಿ ದಾರಿಗೆ ಬರುತ್ತಾರೆ.

ಒಬ್ಬರ ಹಿಂದೆ ಒಬ್ಬರು

ಒಮ್ಮೊಮ್ಮೆ ಒಂದು ಮಗು ವಾಂತಿ ಮಾಡಿದ್ದೇ ತಡ, ಅರ್ಧ ತಾಸಿನಲ್ಲಿ ಇಪ್ಪತ್ತು ಮಕ್ಕಳು ಹೊಟ್ಟೆ ಹಿಡಿದು ಕೂರುತ್ತಾರೆ. ಆಂಬುಲೆನ್ಸ್, ಟಿವಿ ಕ್ಯಾಮೆರಾ, ಪಾಲಕರ ಗೋಳಾಟ. ಆಗ ಎರಡು ಸಾಧ್ಯತೆಗಳನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕು.

ಮೊದಲನೆಯದು ಆಹಾರ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಮಕ್ಕಳು ಊಟದ ವಾಸನೆ ಸರಿಯಿಲ್ಲ, ರುಚಿ ಕಹಿ ಎಂದಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಉಂಡು ನೋಡಿ ಬರೆದಿಡಬೇಕೆಂಬ ನಿಯಮ ಇರುವುದು ಇಂಥದ್ದನ್ನು ತಡೆಯಲಿಕ್ಕೆ. ಈರುಳ್ಳಿ, ಅಡಿಕೆಗೆ ಔಷಧಿ ಹೊಡೆಯುವ ಊರುಗಳಲ್ಲಿ ಖಾಲಿ ಕ್ಯಾನು ಅಡುಗೆ ಕೋಣೆಯ ಹೊಸಿಲು ದಾಟಬಾರದು.

ಎರಡನೆಯದು ಭಯ ಹರಡುವುದು. 1962ರ ಜನವರಿ 30ರಂದು ಅಂದಿನ ಟಾಂಗನ್ಯೀಕಾದ ಕಶಾಶಾ ಎಂಬಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಮೂವರು ತಡೆಯಲಾಗದೆ ನಗತೊಡಗಿದರು. ನಗೆ, ಅಳು, ಚಡಪಡಿಕೆ 159ರಲ್ಲಿ 95 ವಿದ್ಯಾರ್ಥಿನಿಯರಿಗೆ ಹರಡಿತು; ಮಾರ್ಚ್ 18ರಂದು ಶಾಲೆಯನ್ನೇ ಮುಚ್ಚಬೇಕಾಯಿತು. ಯಾವ ವಿಷವೂ ಸೋಂಕೂ ಸಿಗಲಿಲ್ಲ. ಕಟ್ಟುನಿಟ್ಟಿನ ವಾತಾವರಣದಲ್ಲಿ ಒತ್ತಿಟ್ಟ ಆತಂಕ ಹಾಗೆ ಹೊರಬಿತ್ತು ಎಂದು ತಜ್ಞರು ವಿವರಿಸಿದರು. ಮಾತ್ರೆ ನುಂಗಿಸುವ ದಿನ ಗಾಳಿಸುದ್ದಿ ಹಬ್ಬಿದರೆ ನಮ್ಮಲ್ಲೂ ಇಂಥದ್ದೇ ಆಗುತ್ತದೆ. ಗೆಳತಿ ಕುಸಿದದ್ದನ್ನು ಕಂಡವರೇ ಕುಸಿಯುತ್ತಾರೆ, ಕಾಣದ ತರಗತಿಯವರಿಗೆ ಏನೂ ಆಗಿರುವುದಿಲ್ಲ. ಬೇರೆ ಮಾಡಿ ಕೂರಿಸಿದರೆ ಬೇಗ ಚೇತರಿಸಿಕೊಳ್ಳುತ್ತಾರೆ.

ಯಾವುದೆಂದು ಶಾಲೆ ತೀರ್ಮಾನಿಸಬೇಕಾಗಿಲ್ಲ. ಊಟ ನಿಲ್ಲಿಸಿ, ಉಳಿದದ್ದನ್ನು ಪರೀಕ್ಷೆಗೆ ಎತ್ತಿಟ್ಟು, 108ಕ್ಕೆ ಕರೆ ಮಾಡಿ, ಅಸ್ವಸ್ಥರಾದವರನ್ನು ಉಳಿದವರ ಕಣ್ಣಿಂದ ದೂರ ಗಾಳಿಯಾಡುವ ಕಡೆ ಮಲಗಿಸಿ, ದೊಡ್ಡವರು ಗಾಬರಿ ತೋರಿಸದೆ ಓಡಾಡಬೇಕು. ಯಾರು ಏನು ತಿಂದರು, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದುಕೊಂಡರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಆ ಗಳಿಗೆಯಲ್ಲಿ

ತಲೆಸುತ್ತಿ ಬಿದ್ದ ಮಗುವನ್ನು ಎತ್ತಿ ಕೂರಿಸಬೇಡಿ. ಅಂಗಾತ ಮಲಗಿಸಿ, ಕಾಲಡಿಗೆ ಬ್ಯಾಗು ಇಟ್ಟು ಕಾಲನ್ನು ಎತ್ತರಿಸಿ, ಬೆಲ್ಟು ಟೈ ಸಡಿಲಿಸಿ. ಸುತ್ತ ಮುತ್ತಿಕೊಂಡವರನ್ನು ಚದುರಿಸಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಎಚ್ಚರವಾದ ಮೇಲೆ ಬೆಲ್ಲದ ನೀರೋ ಓಆರ್‌ಎಸ್ಸೋ ಗುಟುಕು ಗುಟುಕಾಗಿ ಕೊಡಿ.

ಕೈಕಾಲು ಸೆಟೆದು ಅದುರುತ್ತಿದ್ದರೆ ಅದು ಮೂರ್ಛೆ. ಕೈಗೆ ಬೀಗದ ಕೈ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ಇಡುವುದು ನಮ್ಮಲ್ಲಿ ರೂಢಿ. ಕಬ್ಬಿಣಕ್ಕಾಗಲಿ ಈರುಳ್ಳಿಗಾಗಲಿ ಮೂರ್ಛೆ ನಿಲ್ಲುವುದಿಲ್ಲ. ಎರಡು ಮೂರು ನಿಮಿಷದಲ್ಲಿ ಅದು ತಾನೇ ನಿಲ್ಲುವುದರಿಂದ ಹಾಗೆ ಅನ್ನಿಸುತ್ತದೆ. ಚಮಚದಿಂದ ಹಲ್ಲು ಮುರಿದೀತು. ಮಗುವನ್ನು ಪಕ್ಕಕ್ಕೆ ಹೊರಳಿಸಿ, ತಲೆಗೆ ಏನಾದರೂ ಮೆತ್ತಗಿನದ್ದು ಕೊಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಕೆಲವು ಲಕ್ಷಣಗಳು ಕಂಡರೆ ಕಾಯುತ್ತ ಕೂರಬಾರದು. ಕಿಬ್ಬೊಟ್ಟೆಯ ಬಲಗಡೆ ನೆಲೆನಿಂತ ನೋವು, ಹಸಿರು ಅಥವಾ ರಕ್ತ ಬೆರೆತ ವಾಂತಿ, ಮಲದಲ್ಲಿ ರಕ್ತ, ಜ್ವರದ ಜೊತೆ ಕುತ್ತಿಗೆ ಸೆಟೆತ, ನಿದ್ದೆಯಿಂದ ಎಬ್ಬಿಸುವ ನೋವು, ಇಳಿಯುತ್ತಿರುವ ತೂಕ, ಬೆಳಿಗ್ಗೆ ಏಳುತ್ತಲೇ ತಲೆನೋವಿನೊಂದಿಗೆ ವಾಂತಿ, ಆಟವಾಡುತ್ತ ಓಡುವಾಗಲೇ ಪ್ರಜ್ಞೆ ತಪ್ಪುವುದು, ಮಿತಿಮೀರಿದ ಬಾಯಾರಿಕೆ ಮತ್ತು ಮೂತ್ರ. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು ಮನೆಯವರ ನೆಮ್ಮದಿಗೆ ಇರಲಿ. ಅದರಲ್ಲೇ ಎರಡು ದಿನ ಕಳೆದರೆ ಅಪೆಂಡಿಕ್ಸ್ ಒಡೆದು ಜೀವಕ್ಕೆ ಕುತ್ತು ಬಂದೀತು.

ಯಾರ ಬಳಿ ಹೋಗುವುದು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಪ್ರತಿ ಸರ್ಕಾರಿ ಶಾಲೆಗೂ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ. ಪದೇ ಪದೇ ಬಳಲುವ ಮಕ್ಕಳ ಹೆಸರನ್ನು ಶಿಕ್ಷಕರು ಮೊದಲೇ ಪಟ್ಟಿ ಮಾಡಿಟ್ಟಿರಲಿ. ಕಡೂರು, ತರೀಕೆರೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಅಜ್ಜಂಪುರದಲ್ಲೂ ಸರ್ಕಾರಿ ಆಸ್ಪತ್ರೆಯಿದೆ. ಹಿಮೋಗ್ಲೋಬಿನ್ ಮತ್ತು ಮೂತ್ರ ಪರೀಕ್ಷೆಗೆ ದೂರದ ಊರಿಗೆ ಹೋಗಬೇಕಾಗಿಲ್ಲ.

ಭಯವೇ ಕಾರಣವೆಂದು ಕಂಡರೆ ಮನೋವೈದ್ಯರ ಹೆಸರಿಗೆ ಹೆದರಬೇಡಿ. ಮಾನಸಿಕ ಆರೋಗ್ಯವನ್ನು ತಾಲ್ಲೂಕು ಮಟ್ಟಕ್ಕೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಶುರುಮಾಡಿದ ಪ್ರಯೋಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098.

ಮನೆಯಲ್ಲಿ ಮಾಡುವುದೂ ಬಹಳ ಇದೆ. ಬೇಗ ಹೊರಡುವ ಮಗುವಿಗೆ ರಾತ್ರಿಯೇ ಏನಾದರೂ ಮಾಡಿಟ್ಟಿರಲಿ: ಒಂದು ರೊಟ್ಟಿ, ಹುರಿದ ಕಡಲೆಗೆ ಬೆಲ್ಲ, ಕೊಬ್ಬರಿ ಚೂರು. ತೆಂಗು ಬೆಳೆಯುವ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಎದ್ದ ಕೂಡಲೇ ಒಂದು ಲೋಟ ನೀರು, ತಿಂಡಿಯ ನಂತರ ಅವಸರವಿಲ್ಲದೆ ಶೌಚಕ್ಕೆ ಹತ್ತು ನಿಮಿಷ. ಹೊಟ್ಟೆ ಹಿಂಡಿದಂತಾದಾಗ ಮೂಗಿನಿಂದ ನಿಧಾನ ಉಸಿರೆಳೆದು, ಹೊಟ್ಟೆ ಉಬ್ಬಿಸಿ, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುವುದನ್ನು ಆಟದಂತೆ ಕಲಿಸಬಹುದು; ಅದು ಕರುಳಿಗೆ ಹೋಗುವ ನರದ ಮೂಲಕ ಹೊಟ್ಟೆಯನ್ನು ಶಾಂತಗೊಳಿಸುತ್ತದೆ. ಸಂಜೆ ‘ಎಷ್ಟು ಮಾರ್ಕ್ಸ್ ಬಂತು’ ಎಂಬ ಪ್ರಶ್ನೆಗೆ ಮೊದಲು ‘ಇವತ್ತು ಯಾರ ಜೊತೆ ಆಟ ಆಡ್ದೆ’ ಎಂದು ಕೇಳಿ. ಯಾರ ಜೊತೆಯೂ ಇಲ್ಲ ಎಂಬ ಉತ್ತರ ನಾಲ್ಕು ದಿನ ಬಂದರೆ ಐದನೇ ದಿನ ಶಾಲೆಗೆ ಹೋಗಿ ಮಿಸ್ ಜೊತೆ ಮಾತಾಡಬೇಕು.

ಒಂದು ನೋಟ್‌ಬುಕ್ ಸಾಕು

ಶಾಲೆ ಮಾಡಬಹುದಾದ ಕೆಲಸಗಳಲ್ಲಿ ತೀರಾ ಅಗ್ಗದ್ದೂ ತೀರಾ ಫಲ ಕೊಡುವಂಥದ್ದೂ ಒಂದಿದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್. ಮಗು ಅಸ್ವಸ್ಥವಾದಾಗಲೆಲ್ಲ ಒಂದು ಸಾಲು: ತಾರೀಖು, ಹೊತ್ತು, ಯಾವ ಪೀರಿಯಡ್, ಎಲ್ಲಿ ನೋವು, ತಿಂಡಿ ತಿಂದಿತ್ತೇ, ನೀರು ಕುಡಿದಿತ್ತೇ, ಏನು ಮಾಡಿದಾಗ ಕಡಿಮೆಯಾಯಿತು. ಬೇರೆ ಮಕ್ಕಳ ಕೈಗೆ ಅದು ಸಿಗಬಾರದು.

ಮೂರು ತಿಂಗಳಾದ ಮೇಲೆ ಅದನ್ನು ತಿರುವಿ ನೋಡಿದರೆ ಕಾರಣಗಳು ತಾವಾಗಿ ಎದ್ದು ಕಾಣುತ್ತವೆ. ಶನಿವಾರದ ಸಾಲುಗಳು ಹೆಚ್ಚಿದ್ದರೆ ಪ್ರಾರ್ಥನೆಯನ್ನು ನೆರಳಿಗೆ ತಂದು ಚುಟುಕಾಗಿಸಬೇಕು, ಬಂದ ಕೂಡಲೇ ತಿನ್ನಲು ಏನಾದರೂ ಕೊಡಬೇಕು. ಒಂದೇ ಪೀರಿಯಡ್ಡಿನ ಹೆಸರು ಮತ್ತೆ ಮತ್ತೆ ಬಂದರೆ ಆ ಶಿಕ್ಷಕರನ್ನು ಕೂರಿಸಿಕೊಂಡು ಮಾತಾಡಬೇಕು. ಹುಡುಗಿಯರ ತಲೆನೋವು ಮಧ್ಯಾಹ್ನದ ಮೇಲೆಯೇ ಇದ್ದರೆ ಶೌಚಾಲಯದ ಬಾಗಿಲು ನೋಡಬೇಕು. ಒಂದೇ ಬಸ್ಸಿನ ಮಕ್ಕಳು ಬಳಲುತ್ತಿದ್ದರೆ ಡಿಪೋಗೆ ಅರ್ಜಿ ಬರೆಯಬೇಕು. ಒಂದೇ ಮಗುವಿನ ಹೆಸರು ಹತ್ತು ಸಲ ಇದ್ದರೆ ಆ ಮಗುವಿನ ಮನೆಗೆ ಹೋಗಿಬರಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡ, ಅನುದಾನ, ಧ್ವಜಾರೋಹಣದ ಚರ್ಚೆಗೆ ಮೊದಲು ಮಕ್ಕಳ ಹೆಸರು ಹೇಳದೆ ಈ ಲೆಕ್ಕವನ್ನು ಓದಲಿ.

ಮಗುವಿನ ಹೊಟ್ಟೆನೋವು ಆ ಮಗು ತನ್ನ ಶಾಲೆಯ ಬಗ್ಗೆ, ಮನೆಯ ಬಗ್ಗೆ, ಊರಿನ ಬಗ್ಗೆ ಕೊಡುತ್ತಿರುವ ದೂರು. ಆ ದೂರನ್ನು ಬರೆದುಕೊಳ್ಳುವ ಶಾಲೆಯಲ್ಲಿ ಮಕ್ಕಳು ಬೇಗ ಗುಣವಾಗುತ್ತಾರೆ, ಶಾಲೆಯೂ ಸುಧಾರಿಸುತ್ತದೆ. ಈ ಮೂರು ತಾಲ್ಲೂಕುಗಳ ಪ್ರತಿ ಶಾಲೆಯೂ ಇದನ್ನು ಬರುವ ಸೋಮವಾರದಿಂದಲೇ ಶುರುಮಾಡಬಹುದು. ಅದಕ್ಕೆ ಸುತ್ತೋಲೆಯೂ ಬೇಡ, ಅನುದಾನವೂ ಬೇಡ.